ಕ್ಯಾನ್ಸರ್ ಚಿಕಿತ್ಸೆಯ ನಂತರ ಶಾಲೆಗೆ ಮರಳಿದ ಮಗು

ತೇನಿ ಜಿಲ್ಲೆಯ ಕೊಂಬೈ, ಕಂಬಂ ಕಣಿವೆಯಲ್ಲಿ ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು. ಇಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನಾಡುವ ಕುಟುಂಬಗಳಿವೆ. ಮಕ್ಕಳು ಓದುಬರಹ ಕಲಿಯುವುದು ತಮಿಳಿನಲ್ಲಿ. ಇಂತಹ ಮನೆಯ ಮಗು ಹಿಂದುಳಿದರೆ ‘ಮನೆಮಾತು ಬೇರೆ’ ಎಂಬ ಕಾರಣ ಅಧ್ಯಾಪಕರಿಗೆ ಸುಲಭವಾಗಿ ಒದಗುತ್ತದೆ. ತಾಳವಾಡಿಯಂತಹ ಗಡಿಭಾಗದ ಕನ್ನಡ ಶಾಲೆಗಳಲ್ಲಿ, ತಮಿಳು ಮನೆಮಾತಿನ ಮಕ್ಕಳ ವಿಷಯದಲ್ಲಿಯೂ ಇದೇ ಮಾತು ಹೊರಡಬಹುದು. ಆ ಮಗು ಹಿಂದೆ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದಲ್ಲಿ, ಈ ಸುಲಭದ ಕಾರಣವು ನಿಜವಾದ ಕಾರಣವನ್ನು ವರ್ಷಗಟ್ಟಲೆ ಮರೆಮಾಡಬಲ್ಲದು.

ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರ ಪ್ರಧಾನ ಬಗೆಗೆ ಚಿಕಿತ್ಸೆ ಸುಮಾರು 2ರಿಂದ 3 ವರ್ಷ ನಡೆಯುತ್ತದೆ. ರೋಗಕೋಶಗಳು ಮಿದುಳಿನಲ್ಲಿ ಅಡಗಿ ಉಳಿಯದಂತೆ ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುತ್ತಾರೆ. ಕೆಲವರಿಗೆ ತಲೆಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಪ್ರಾಣ ಉಳಿಸುವ ಈ ಚಿಕಿತ್ಸೆಯೇ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಕೊಡಬಹುದು. ಎಲ್ಲ ಮಕ್ಕಳಲ್ಲಿಯೂ ಹೀಗಾಗುವುದಿಲ್ಲ. ಎಳೆವಯಸ್ಸಿನಲ್ಲಿ ವಿಕಿರಣ ಪಡೆದವರಲ್ಲಿ ಅಪಾಯ ಹೆಚ್ಚು. ಪರಿಣಾಮವು ಕೂಡಲೇ ಕಾಣದೆ, ಕೆಲವು ವರ್ಷಗಳ ಬಳಿಕ, ಪಾಠಗಳು ಕಠಿಣವಾದಾಗ ತಲೆದೋರುವುದುಂಟು. ಆ ವೇಳೆಗೆ ಕೂದಲು ಬೆಳೆದಿರುತ್ತದೆ, ಮಗು ಆಡಿಕೊಂಡಿರುತ್ತದೆ, ಅಧ್ಯಾಪಕರೂ ಬದಲಾಗಿರುತ್ತಾರೆ.

ಇಂತಹ ಮಗು ಸಾಮಾನ್ಯವಾಗಿ ಕಲಿತದ್ದನ್ನೆಲ್ಲ ಮರೆತಿರುವುದಿಲ್ಲ. ಕುಂದುವುದು ಯೋಚನೆಯ ವೇಗ, ಗಮನ, ಹಾಗೂ ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ. ಉಕ್ತಲೇಖನದಲ್ಲಿ ಮೊದಲ ಎರಡು ಪದ ಸರಿಯಾಗಿ ಬರೆದು ಮೂರನೆಯದಕ್ಕೆ ನಿಂತುಬಿಡುತ್ತದೆ. ಸಂಕಲನದ ವಿಧಾನ ತಿಳಿದಿದ್ದೂ ದಶಕವನ್ನು ಕೂಡಿಸಲು ಮರೆಯುತ್ತದೆ. ವಿನ್‌ಕ್ರಿಸ್ಟಿನ್ ಔಷಧದಿಂದ ಬೆರಳುಗಳ ನರಗಳು ದುರ್ಬಲವಾಗಿ ಬರವಣಿಗೆ ನಿಧಾನವಾಗಬಹುದು. ಕೆಲವು ಗಡ್ಡೆಗಳಿಗೆ ಕೊಡುವ ಸಿಸ್‌ಪ್ಲಾಟಿನ್ ಕಿವಿಗೆ ತೊಂದರೆ ಮಾಡಿದರೆ ಸಕಾರ, ಶಕಾರಗಳಂತಹ ಧ್ವನಿಗಳು ಸ್ಪಷ್ಟವಾಗಿ ಕೇಳುವುದಿಲ್ಲ. ಇದನ್ನು ಉಚ್ಚಾರಣದೋಷವೆಂದು ತಿದ್ದುತ್ತ ಕೂರುವುದು ವ್ಯರ್ಥ.

ಭಾಷೆಯ ತೊಡಕನ್ನು ಇದರಿಂದ ಬೇರ್ಪಡಿಸುವುದು ಹೇಗೆ? ಮೂರು ಹಂತದ ಒಂದು ಸೂಚನೆಯನ್ನು ಮನೆಮಾತಿನಲ್ಲಿಯೇ ಕೊಟ್ಟು ನೋಡಬೇಕು: ಚೀಲದಿಂದ ಪುಸ್ತಕ ತೆಗೆ, ಕಿಟಕಿ ಮುಚ್ಚು, ಬಂದು ಕುಳಿತುಕೋ. ಅಲ್ಲಿಯೂ ಮಗು ಎಡವಿದರೆ ದೋಷ ಭಾಷೆಯದೆನ್ನಲು ಬರುವುದಿಲ್ಲ. ಕೊಂಬೈಯ ಮಗುವಿಗೆ ಅದು ಪಠ್ಯಪುಸ್ತಕದ ಕನ್ನಡದಲ್ಲಲ್ಲ, ಆ ಮನೆಯ ಕನ್ನಡದಲ್ಲಿರಬೇಕು. ಅಜ್ಜಿಯಿಂದ ಹೇಳಿಸಿದರೆ ಇನ್ನೂ ಉತ್ತಮ. ಅದೇ ಮನೆಯ ಅಕ್ಕತಮ್ಮಂದಿರು ಅದೇ ವಯಸ್ಸಿನಲ್ಲಿ ಹೇಗೆ ಓದುತ್ತಿದ್ದರು ಎಂಬುದನ್ನೂ, ಮಗುವಿನ ಹಳೆಯ ನೋಟುಪುಸ್ತಕಗಳನ್ನೂ ನೋಡುವುದು ಅಗತ್ಯ. ಇದು ರೋಗನಿರ್ಣಯವಲ್ಲ, ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸಲು ಆಧಾರ ಮಾತ್ರ.

ಕಾಯಿಲೆಯ ವಿಷಯವನ್ನು ಮನೆಯವರು, ಅದರಲ್ಲೂ ಹೆಣ್ಣುಮಗುವಾದರೆ, ಮುಚ್ಚಿಡುವುದು ಅಪರೂಪವಲ್ಲ. ತಂದೆತಾಯಿಯರನ್ನು ಪ್ರತ್ಯೇಕವಾಗಿ ಕಂಡು ಕೇಳಬೇಕು. ತರಗತಿಯ ಮುಂದೆ ಎಂದಿಗೂ ಅಲ್ಲ. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಔಷಧಗಳ ಹೆಸರೂ, ವಿಕಿರಣ ಕೊಟ್ಟಿದ್ದರೆ ಅದರ ವಿವರವೂ ಇರುತ್ತವೆ.

ಹೆಚ್ಚು ಟ್ಯೂಷನ್ ಹಾಕಿಸುವುದು ಬಹುಮಂದಿ ಸೂಚಿಸುವ ಪರಿಹಾರ. ಬೇಗ ದಣಿಯುವ ಮಗುವಿಗೆ ಅದು ಶಿಕ್ಷೆಯೇ ಸರಿ. ಹತ್ತು ಲೆಕ್ಕಗಳ ಬದಲು ನಾಲ್ಕು, ಒಂದು ಬಾರಿಗೆ ಒಂದೇ ಸೂಚನೆ, ಹಲಗೆಯಿಂದ ನಕಲಿಸುವ ಬದಲು ಬರೆದುಕೊಟ್ಟ ಹಾಳೆ, ಮುಂದಿನ ಸಾಲಿನಲ್ಲಿ ಜಾಗ, ಬಾಯಿಮಾತಿನ ಉತ್ತರಕ್ಕೂ ಅಂಕ: ಇವಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕಾದರೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಶ್ರವಣದೋಷ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 21 ಬಗೆಗಳಲ್ಲಿ ಸೇರಿವೆ. ಹತ್ತನೆಯ ತರಗತಿಯವರೆಗೆ ಕಾಯದೆ ಎಂಟರಲ್ಲಿಯೇ ಈ ಕೆಲಸವನ್ನು ಆರಂಭಿಸುವುದು ಲೇಸು. ವರ್ಷದ ಕೊನೆಯಲ್ಲಿ, ಹೆತ್ತವರ ಒಪ್ಪಿಗೆ ಪಡೆದು, ಮುಂದಿನ ತರಗತಿಯ ಅಧ್ಯಾಪಕರಿಗೆ ಅರ್ಧ ಪುಟದ ಟಿಪ್ಪಣಿ ಬರೆದುಕೊಡಬೇಕು.