ಮೋಟಾರ್ ಸೈಕಲ್ಲಿನ ಮೇಲೆ ಸಂಗೀತ: ಒಂದು ವಿಜ್ಞಾನ ಪಾಠ



ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು ಸೇಲಂ ಸೇರುವ ೪೪ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಜೆಯ ದಿನಗಳಂದು ದೂರ ಪ್ರವಾಸದ ಮೋಟಾರ್ ಸೈಕಲ್ಲುಗಳು ಸಾಗುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಕೆಲವು ವಾಹನಗಳಲ್ಲಿ ಪೆಟ್ಟಿಗೆಗಳ ಜತೆಗೆ ಧ್ವನಿವರ್ಧಕಗಳೂ ಇದ್ದು, ಹಾಡು ದೂರದಿಂದಲೇ ಕೇಳಿಬರುತ್ತದೆ. ನಮ್ಮ ಸೀಮೆಗೂ ಮೋಟಾರ್ ವಾಹನಗಳಿಗೂ ಹಳೆಯ ನಂಟು. ೧೯೮೦ರಲ್ಲಿ ಟಿ.ವಿ.ಎಸ್. ೫೦ ಎಂಬ ಪುಟ್ಟ ವಾಹನವು ತಯಾರಾಗಿ ಹೊರಬಂದುದು ಹೊಸೂರಿನಿಂದ. ಆಗ ಆ ಊರು ಧರ್ಮಪುರಿ ಜಿಲ್ಲೆಗೇ ಸೇರಿತ್ತು, ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯ ಪಾಲಾಯಿತು. ಇಂದು ನಿಮ್ಮ ಅಣ್ಣಂದಿರು ತಮ್ಮ ವಾಹನಕ್ಕೂ ಉತ್ತಮವಾದ ಧ್ವನಿ ವ್ಯವಸ್ಥೆಯನ್ನು ಕೂಡಿಸಬೇಕೆಂದು ಬಯಸುವುದು ಸಹಜ. ಆ ಬಯಕೆಯ ಹಿಂದಿರುವ ವಿಜ್ಞಾನವನ್ನು ಇಲ್ಲಿ ವಿಚಾರಿಸೋಣ.

೧. ಧ್ವನಿವರ್ಧಕದ ರಚನೆ

ಧ್ವನಿವರ್ಧಕದೊಳಗೆ ಒಂದು ಅಯಸ್ಕಾಂತವೂ ಅದರ ಎಡೆಯಲ್ಲಿ ತೆಳ್ಳನೆಯ ತಂತಿಸುರುಳಿಯೂ ಇರುತ್ತವೆ. ಸುರುಳಿಗೆ ಕಾಗದದ ಶಂಕುವೊಂದು ಅಂಟಿಕೊಂಡಿರುತ್ತದೆ. ಹಾಡಿಗೆ ತಕ್ಕಂತೆ ಏರಿಳಿಯುವ ವಿದ್ಯುತ್ ಪ್ರವಾಹವು ಸುರುಳಿಯಲ್ಲಿ ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸಿ, ಶಂಕುವನ್ನು ನಡುಗಿಸಿ, ಗಾಳಿಯಲ್ಲಿ ಅಲೆಗಳನ್ನೆಬ್ಬಿಸುತ್ತದೆ. ಈ ರಚನೆಯನ್ನು ಇಂದಿನ ರೂಪಕ್ಕೆ ತಂದು ೧೯೨೫ರಲ್ಲಿ ಪ್ರಕಟಪಡಿಸಿದವರು ಅಮೆರಿಕೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಎಂಜಿನಿಯರುಗಳು. ತಗ್ಗಿನ ಗಂಭೀರ ಸ್ವರಗಳಿಗೆ ಅಗಲವಾದ ಶಂಕು ಬೇಕು. ಮೋಟಾರ್ ಸೈಕಲ್ಲಿನಲ್ಲಿ ಅಷ್ಟು ಸ್ಥಳವಿಲ್ಲ.

೨. ವ್ಯಾಟುಗಳ ಲೆಕ್ಕ

ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ‘೧೦೦೦ ವ್ಯಾಟ್’ ಎಂದು ಬರೆದಿರುವುದನ್ನು ಕಂಡು ಹುಡುಗರು ಮರುಳಾಗುತ್ತಾರೆ. ಇದನ್ನು ಪರೀಕ್ಷಿಸಲು ಗುಣಾಕಾರವೊಂದೇ ಸಾಕು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. ವಾಹನದ ಬ್ಯಾಟರಿ ೧೨ ವೋಲ್ಟಿನದು. ಆಂಪ್ಲಿಫೈಯರಿನ ಫ್ಯೂಸು ೧೦ ಆಂಪಿಯರಿನದಾದರೆ, ಆ ಯಂತ್ರವು ನಿರಂತರವಾಗಿ ಪಡೆಯಬಹುದಾದುದು ೧೨೦ ವ್ಯಾಟ್ ಮಾತ್ರ. ಪಡೆದುದಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಕೊಡಲಾರದು. ಪೆಟ್ಟಿಗೆ ಏನನ್ನೇ ಹೇಳಲಿ, ಫ್ಯೂಸು ಸುಳ್ಳಾಡುವುದಿಲ್ಲ.

ಎಂಜಿನ್ ನಿಂತಿರುವಾಗ ಹಾಡು ಹಾಕುವವರು ಇನ್ನೊಂದು ಲೆಕ್ಕವನ್ನೂ ನೆನೆಯಬೇಕು. ೮ ಆಂಪಿಯರ್-ಗಂಟೆಯ ಬ್ಯಾಟರಿಯಿಂದ ೪ ಆಂಪಿಯರ್ ಸೆಳೆದರೆ ಎರಡು ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಎಂಜಿನ್ನನ್ನು ಹೊರಡಿಸುವ ಬಲವಂತೂ ಅದಕ್ಕಿಂತ ಮೊದಲೇ ತೀರುತ್ತದೆ.

ತಂತಿ ಜೋಡಿಸುವಲ್ಲಿ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಫ್ಯೂಸು ಬ್ಯಾಟರಿಯ ಸಮೀಪದಲ್ಲಿಯೇ ಇರಬೇಕು. ದೂರವಿದ್ದರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. ಎರಡನೆಯದು, ತಂತಿ ಪ್ರವಾಹಕ್ಕೆ ತಕ್ಕಷ್ಟು ದಪ್ಪವಾಗಿರಬೇಕು. ಪ್ರವಾಹ ಎರಡರಷ್ಟಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಪೆಟ್ರೋಲ್ ತೊಟ್ಟಿಯ ಕೆಳಗೆ ಕಾದ ತಂತಿ ಏನನ್ನು ಮಾಡೀತೆಂಬುದನ್ನು ಹೇಳಬೇಕಾಗಿಲ್ಲ. ಮೂರನೆಯದು, ದೀಪದ ತಂತಿಯನ್ನು ಕತ್ತರಿಸಿ ಅದರಿಂದ ವಿದ್ಯುತ್ತನ್ನು ಕದಿಯಬಾರದು.

೩. ಸದ್ದಿನ ಅಳತೆ

ಸದ್ದನ್ನು ಡೆಸಿಬೆಲ್ಲಿನಿಂದ ಅಳೆಯುತ್ತಾರೆ. ಇದರ ಏಣಿ ವಿಚಿತ್ರವಾದುದು. ಸಾಮರ್ಥ್ಯವನ್ನು ಎರಡರಷ್ಟು ಮಾಡಿದರೆ ಏರುವುದು ಕೇವಲ ೩ ಡೆಸಿಬೆಲ್. ನಮ್ಮ ಕಿವಿಗೆ ಸದ್ದು ಎರಡರಷ್ಟಾದಂತೆ ತೋರಬೇಕಾದರೆ ಸುಮಾರು ೧೦ ಡೆಸಿಬೆಲ್, ಎಂದರೆ ಹತ್ತರಷ್ಟು ಸಾಮರ್ಥ್ಯ ಬೇಕು. ೨೦ ವ್ಯಾಟಿನ ಯಂತ್ರವನ್ನು ತೆಗೆದು ೪೦ ವ್ಯಾಟಿನದನ್ನು ಕೂಡಿಸಿದವನು ಕೊಟ್ಟ ಹಣಕ್ಕೆ ಪಡೆಯುವ ಲಾಭ ಅತ್ಯಲ್ಪ.

ಇದಕ್ಕಿಂತ ಸುಲಭವಾದ ಉಪಾಯವಿದೆ. ಬಯಲಿನಲ್ಲಿ ಧ್ವನಿವರ್ಧಕದ ದೂರವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ೬ ಡೆಸಿಬೆಲ್ ಏರುತ್ತದೆ. ನಾಲ್ಕರಷ್ಟು ಸಾಮರ್ಥ್ಯದಿಂದ ಆಗುವ ಕೆಲಸ ಖರ್ಚಿಲ್ಲದೆ ಆಗುತ್ತದೆ. ಆದುದರಿಂದ ದೊಡ್ಡದಾದ ಧ್ವನಿವರ್ಧಕವನ್ನು ಹಿಂದೆ ಕಟ್ಟುವುದಕ್ಕಿಂತ, ಚಿಕ್ಕದನ್ನು ಮುಂದಿನ ಗಾಳಿತಡೆಯ ಗಾಜಿನ ಮರೆಯಲ್ಲಿ ಸವಾರನ ಮುಖದತ್ತ ತಿರುಗಿಸಿ ಇಡುವುದೇ ಜಾಣತನ.

೪. ಗಾಳಿಯೊಡನೆ ಪೈಪೋಟಿ

ಹೊಗೇನಕಲ್ಲಿನಲ್ಲಿ ಕಾವೇರಿ ಧುಮುಕುವೆಡೆ ನಿಂತು ಮಾತನಾಡಲು ಯತ್ನಿಸಿದವರಿಗೆ, ದೊಡ್ಡ ಸದ್ದು ಚಿಕ್ಕದನ್ನು ಮರೆಮಾಡುವ ಬಗೆ ತಿಳಿದಿರುತ್ತದೆ. ಓಡುವ ಮೋಟಾರ್ ಸೈಕಲ್ಲಿನ ಮೇಲೆ ಗಾಳಿಯೇ ಆ ಜಲಪಾತ. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನ ಒಳಗೇ ಸದ್ದು ೯೫ ಡೆಸಿಬೆಲ್ಲಿನಷ್ಟು ಇರುವುದುಂಟು. ಈ ಸದ್ದಿನ ಬಹುಪಾಲು ತಗ್ಗಿನ ಸ್ವರಗಳದು. ಆದಕಾರಣ ಹಾಡಿನ ಮದ್ದಳೆಯ ಗಂಭೀರ ನಾದವೇ ಮೊದಲು ಮುಳುಗುತ್ತದೆ. ಅದನ್ನು ಏರಿಸಲು ಹೋದರೆ ಬ್ಯಾಟರಿ ಬರಿದಾದೀತೇ ಹೊರತು ಹಾಡು ಸ್ಪಷ್ಟವಾಗದು. ತಗ್ಗಿನ ಸ್ವರವನ್ನು ಇಳಿಸಿ, ಹಾಡುವವರ ಕಂಠವಿರುವ ನಡುವಿನ ಸ್ವರಗಳನ್ನು ತುಸು ಏರಿಸಿದರೆ ಮಾತು ತಿಳಿಯುತ್ತದೆ. ಎಲ್ಲಕ್ಕಿಂತ ಅಗ್ಗವಾದ ಸುಧಾರಣೆಯೆಂದರೆ ವೇಗವನ್ನು ಇಳಿಸುವುದು.

೫. ಕಿವಿಯೂ ಪ್ರಾಣವೂ

ನಮ್ಮ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಕೆಲವೇ ಸಾವಿರ. ಹುಟ್ಟುವಾಗ ಬಂದವು ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ೮೫ ಡೆಸಿಬೆಲ್ ಸದ್ದನ್ನು ದಿನಕ್ಕೆ ೮ ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಅಲ್ಲಿಂದ ೩ ಡೆಸಿಬೆಲ್ ಏರಿದಂತೆಲ್ಲ ಕಾಲವನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ವಿಧಿಸಿದ್ದಾರೆ. ಈ ಲೆಕ್ಕದಂತೆ ೧೦೦ ಡೆಸಿಬೆಲ್ಲಿಗೆ ೧೫ ನಿಮಿಷ ಮಾತ್ರ ಅವಕಾಶ. ಗಾಳಿಯನ್ನು ಮೀರಿ ಹಾಡು ಕೇಳಿಸಿಕೊಳ್ಳುತ್ತ ಧರ್ಮಪುರಿಯಿಂದ ಹೊರಟವನಿಗೆ, ತೊಪ್ಪೂರಿನ ಹತ್ತಿರ ಬರುವಷ್ಟರಲ್ಲಿಯೇ ಆ ದಿನದ ಪಾಲು ಮುಗಿದಿರುತ್ತದೆ.

ಆ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಭಾರದ ಲಾರಿಗಳು ಹಿಡಿತ ತಪ್ಪಿ ಎಷ್ಟೋ ಅಪಘಾತಗಳಾಗಿರುವುದು ಸರ್ವವಿದಿತ. ಹಿಂದಿನಿಂದ ಬರುವ ಲಾರಿಯ ಹಾರನ್ನು ಕೇಳಲಾರದವನಿಗೆ ಮಧುರವಾದ ಹಾಡಿನಿಂದ ಏನು ಪ್ರಯೋಜನ? ಏರ್ಕಾಡಿನ ೨೦ ಹಿಮ್ಮುರಿ ತಿರುವುಗಳಲ್ಲಿಯೂ ಎದುರಿನ ವಾಹನವು ಕಣ್ಣಿಗೆ ಬೀಳುವುದಕ್ಕೆ ಮೊದಲು ಕಿವಿಗೆ ಬೀಳಬೇಕು. ಆದುದರಿಂದ ಘಾಟಿಯಲ್ಲಿ ಹಾಡನ್ನು ನಿಲ್ಲಿಸುವುದೇ ಲೇಸು. ಉಳಿದೆಡೆಗಳಲ್ಲಿ, ಹಿಂದೆ ಕುಳಿತವರ ಮಾತು ಎಂದಿನಂತೆ ಕೇಳಿಸುವಷ್ಟಕ್ಕೆ ಹಾಡನ್ನು ಇಳಿಸಬೇಕು. ಶಾಲೆ, ಆಸ್ಪತ್ರೆಗಳ ಸುತ್ತಲಿನ ೧೦೦ ಮೀಟರ್ ಪ್ರದೇಶವು ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮೌನವಲಯವೆಂದು ಘೋಷಿತವಾಗಬಹುದೆಂಬುದನ್ನೂ ಮರೆಯಬಾರದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗನು ಧ್ವನಿ ವ್ಯವಸ್ಥೆಗಾಗಿ ಹಣ ಕೇಳಿದಾಗ ಬೇಡವೆಂದು ಗದರಿಸುವುದಕ್ಕೆ ಮೊದಲು, ಫ್ಯೂಸಿನ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸಿರಿ. ಮೊದಲು ಒಳ್ಳೆಯ ಹೆಲ್ಮೆಟ್ಟು, ಆಮೇಲೆ ಗಾಳಿತಡೆಯ ಗಾಜು, ಅದಾದ ಮೇಲೆ ಚಿಕ್ಕ ಧ್ವನಿವರ್ಧಕ ಎಂಬ ಕ್ರಮವನ್ನು ಅವನೇ ಕಂಡುಕೊಳ್ಳುವನು.

ಅಭ್ಯಾಸ

(೧) ೧೨ ವೋಲ್ಟಿನ ಬ್ಯಾಟರಿಗೆ ೫ ಆಂಪಿಯರ್ ಫ್ಯೂಸಿನ ಮೂಲಕ ಜೋಡಿಸಿದ ಯಂತ್ರವು ನಿರಂತರವಾಗಿ ಎಷ್ಟು ವ್ಯಾಟ್ ಪಡೆಯಬಲ್ಲುದು?

(೨) ಸಾಮರ್ಥ್ಯವನ್ನು ೧೦ ವ್ಯಾಟಿನಿಂದ ೮೦ ವ್ಯಾಟಿಗೆ ಏರಿಸಿದರೆ ಸದ್ದು ಎಷ್ಟು ಡೆಸಿಬೆಲ್ ಏರುವುದು?

(೩) ೯೧ ಡೆಸಿಬೆಲ್ ಸದ್ದನ್ನು ದಿನಕ್ಕೆ ಎಷ್ಟು ಹೊತ್ತು ಕೇಳಬಹುದು?

ಉತ್ತರಗಳು: (೧) ೬೦ ವ್ಯಾಟ್. (೨) ೯ ಡೆಸಿಬೆಲ್. (೩) ೨ ಗಂಟೆ.