ಸೂಜಿ ಅವರ ಕೈಯಲ್ಲೇ ಇರಲಿ

ಮಗಳೇ, ‘ನಮ್ಮ ಅಪಾರ್ಟ್‌ಮೆಂಟಿನವರಿಗೆ ಪ್ರತಿ ಭಾನುವಾರ ತೇಪೆ ಹಾಕುವುದು, ಕೌದಿ ಹೊಲಿಯುವುದು ಕಲಿಸಬೇಕೆಂದಿದ್ದೇನೆ, ಎಲ್ಲಿಂದ ಶುರುಮಾಡಲಿ ದೊಡ್ಡವ್ವಾ’ ಎಂದು ಕೇಳಿದೆಯಲ್ಲ. ಹೊಲಿಗೆ ನಿನಗೆ ಬರುತ್ತದೆ. ಕಲಿಸುವುದು ಬೇರೆಯದೇ ಕೆಲಸ. ಅದರಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇಷ್ಟೇ: ಕಲಿಯುವವರ ಕೈಯಿಂದ ಸೂಜಿ ಇಸಿದುಕೊಳ್ಳಬೇಡ. ಅವರ ಟಾಕು ಸೊಟ್ಟಗಾಗುತ್ತದೆ, ದಾರ ಸಿಕ್ಕಾಗುತ್ತದೆ, ನೋಡುತ್ತ ಕೂತ ನಿನ್ನ ಕೈ ಚಡಪಡಿಸುತ್ತದೆ. ‘ತಾ ಇಲ್ಲಿ, ನಾನೇ ಹಾಕಿಕೊಡ್ತೀನಿ’ ಅಂದೆಯೋ, ಬಟ್ಟೆ ನೆಟ್ಟಗಾಗುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ನೀನು ಬೇರೆ ಚೂರು, ಬೇರೆ ಸೂಜಿ ಹಿಡಿದು ಅವರ ಪಕ್ಕದಲ್ಲೇ ಕೂತು ಹಾಕು, ನೋಡಿ ಹಾಕಿಕೊಳ್ಳಲಿ. ಎಡಗೈಯವರಿದ್ದರೆ ಮಾತ್ರ ಎದುರಿಗೆ ಕೂಡು. ಆಗ ನಿನ್ನ ಬಲಗೈ ಅವರ ಎಡಗೈಗೆ ನೇರ ಬರುತ್ತದೆ, ಅವರಿಗೆ ತಲೆಕೆಳಗು ಮಾಡಿಕೊಳ್ಳುವ ಕಷ್ಟ ತಪ್ಪುತ್ತದೆ.

ಮೊದಲ ದಿನವೇ ಕಸೂತಿ ಹಿಡಿಸಬೇಡ. ಬಂದವರು ಅದನ್ನೇ ಕೇಳುತ್ತಾರೆ, ನನಗೆ ಗೊತ್ತು. ಚಂದ್ರಕಾಳಿ ಸೀರೆಯ ಮೇಲಿನ ತೇರು, ಗೋಪುರ, ತುಳಸಿಕಟ್ಟೆ ನೋಡಿದರೆ ಯಾರಿಗೆ ಆಸೆಯಾಗುವುದಿಲ್ಲ? ಆದರೆ ಧಾರವಾಡದ ಕಡೆಯ ನಿಜವಾದ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹಾಕಬೇಕು. ಗವಂತಿ ಎಂಬ ಟಾಕಿನಲ್ಲಿ ದಾರ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಎರಡೂ ಮಗ್ಗುಲು ಒಂದೇ ಥರ ಕಾಣಬೇಕು, ಗಂಟು ಬೀಳಕೂಡದು. ಸೂಜಿಗೆ ದಾರ ಪೋಣಿಸುವುದೇ ಹೊಸದಾಗಿರುವವರಿಗೆ ಅದನ್ನು ಕೊಟ್ಟರೆ ಎರಡನೇ ಭಾನುವಾರ ಯಾರೂ ಬರುವುದಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಲ್ಲ ಆಮೇಲೆ.

ಅವರವರ ಮನೆಯಲ್ಲಿ ಹರಿದದ್ದನ್ನೇ ತರಲು ಹೇಳು. ಮಗನ ಯೂನಿಫಾರಂ ಪ್ಯಾಂಟಿನ ಮೊಣಕಾಲು, ದಿಂಬಿನ ಚೀಲ, ಮೂಲೆಗೆ ತೂತುಬಿದ್ದ ಬೆಡ್‌ಶೀಟು. ತಾನು ಹಾಕಿದ ತೇಪೆಯ ಪ್ಯಾಂಟು ಮರುದಿನ ಶಾಲೆಗೆ ಹೋಗಿ ಹರಿಯದೆ ಮನೆಗೆ ಬಂದರೆ ಆ ತಾಯಿಗೋ ತಂದೆಗೋ ಹುಟ್ಟುವ ಧೈರ್ಯ, ಹೊಸ ಬಟ್ಟೆಯ ಮೇಲೆ ಹೂವು ತೆಗೆದರೆ ಹುಟ್ಟುವುದಿಲ್ಲ.

ತೇಪೆಯನ್ನು ಅವಸರವಿಲ್ಲದೆ ಹೇಳಿಕೊಡು. ದಾರ ಒಂದು ಮೊಳ ಸಾಕು. ಉದ್ದ ತೆಗೆದುಕೊಂಡಷ್ಟೂ ಸಿಕ್ಕು. ತೂತಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾದ ತುಂಡು ಕತ್ತರಿಸಿ ಒಳಗಿನಿಂದ ಇಡಬೇಕು. ಹೊಸ ಬಟ್ಟೆಯ ತುಂಡಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಲಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕುಗ್ಗುವಾಗ ಸವೆದ ಹಳೆಯ ಬಟ್ಟೆಯನ್ನು ಎಳೆಯುತ್ತದೆ, ತೇಪೆಯ ಪಕ್ಕದಲ್ಲೇ ಇನ್ನೊಂದು ಕಡೆ ಹರಿಯುತ್ತದೆ. ತುಂಡಿನ ಹಾಸು ಹೊಕ್ಕು ಬಟ್ಟೆಯ ಹಾಸು ಹೊಕ್ಕಿಗೆ ಸರಿಹೊಂದಬೇಕು. ಓರೆಯಾಗಿ ಇಟ್ಟದ್ದು ಜಗ್ಗುತ್ತದೆ. ಚೌಕದ ಮೂಲೆಗಳನ್ನು ಗುಂಡಗೆ ಮಾಡಿದರೆ ಸುಲಭಕ್ಕೆ ಮೇಲೇಳುವುದಿಲ್ಲ. ಹೊಲಿದ ಮೇಲೆ ಕಣ್ಣುಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡು ಅನ್ನು. ದಾರ ಬಿಗಿಯಾದ ಕಡೆ ಬಟ್ಟೆ ಸುಕ್ಕಾಗಿ ಬೆರಳಿಗೆ ತಾಗುತ್ತದೆ. ಮೊಬೈಲಿನ ವಿಡಿಯೋ ನೋಡಿ ಟಾಕಿನ ಆಕಾರ ಕಲಿಯಬಹುದು, ಬೇಡ ಅನ್ನುವುದಿಲ್ಲ. ದಾರ ಎಷ್ಟು ಎಳೆಯಬೇಕು ಎಂಬುದನ್ನು ಬೆರಳೇ ಕಲಿಯಬೇಕು.

ಕಾಲುಚೀಲ, ಸ್ವೆಟರು ತಂದರೆ ರಫೂ ತೋರಿಸು: ಉದ್ದಕ್ಕೆ ಎಳೆ ಹಾಸಿ, ಅಡ್ಡಕ್ಕೆ ಒಂದು ಬಿಟ್ಟು ಒಂದು ಹೆಣೆಯುವುದು, ತಿರುಗುವ ಕಡೆ ಚೂರು ಸಡಿಲ ಬಿಡುವುದು.

ಕೌದಿಗೆ ಬಂದಾಗ ದೊಡ್ಡ ಕೌದಿ ಹಾಸಬೇಡ. ಇಬ್ಬರು ಮಲಗುವ ಕೌದಿಗೆ ಐದಾರು ಸೀರೆ ಬೇಕು, ವಾರಗಟ್ಟಲೆ ಕೆಲಸ. ಹೊಸಬರು ಅರ್ಧಕ್ಕೇ ಮಡಚಿ ಅಟ್ಟಕ್ಕೆ ಹಾಕುತ್ತಾರೆ. ಕೂಸಿನ ಕೌದಿ ಹಾಕಿಸು, ಎರಡೂವರೆ ಅಡಿಗೆ ಮೂರಡಿ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಹಳೇ ಧೋತರವೇ ಬೇಕು. ಜರಿ, ಗಟ್ಟಿ ಅಂಚು ತೆಗೆದುಹಾಕಲಿ. ಕೂಸಿನ ಮೈಗೆ ಚುಚ್ಚುತ್ತವೆ. ನೆಲದ ಮೇಲೆ ಪದರ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ನೀವಿ, ಅಂಚು ಒಳಮಡಚಿ, ದೊಡ್ಡ ದೊಡ್ಡ ಕಚ್ಚಾ ಟಾಕು ಹಾಕಿಕೊಳ್ಳಬೇಕು. ಆಮೇಲೆ ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುವುದು. ಸಾಲಿಗೂ ಸಾಲಿಗೂ ಒಂದು ಬೆರಳು. ಎಡಗೈ ಕೌದಿಯ ಅಡಿಯಲ್ಲಿರಬೇಕು, ಸೂಜಿಯ ಮೊನೆ ಎಲ್ಲ ಪದರ ದಾಟಿತೋ ಇಲ್ಲವೋ ಹೇಳುವುದು ಆ ಕೈಯ ಬೆರಳೇ. ನಮ್ಮ ಕಡೆ ದಸರೆಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಹಿಂಡುವಾಗ ಟಾಕು ಬಿಡಿಯಾಗಿದ್ದರೆ ಒಳಗಿನ ತುಂಡೆಲ್ಲ ಮುದ್ದೆಯಾಗುತ್ತಿತ್ತು. ಟಾಕು ಹತ್ತಿರ ಹತ್ತಿರ ಇರಲಿ ಎನ್ನುವುದು ಅದಕ್ಕೆ, ಬರೀ ಅಂದಕ್ಕಲ್ಲ. ಈ ಕಾರಣವನ್ನು ಹೇಳಿಯೇ ಕಲಿಸು. ಕಾರಣ ತಿಳಿದವರು ನೀನಿಲ್ಲದಾಗಲೂ ಸರಿಯಾಗಿ ಹಾಕುತ್ತಾರೆ.

ಸೊಟ್ಟ ಸಾಲನ್ನು ಬಿಚ್ಚಿಸಬೇಡ. ಬಟ್ಟೆ ಸುಕ್ಕಾಗಿದ್ದರೆ ಮಾತ್ರ ಬಿಚ್ಚಬೇಕು. ಸೊಟ್ಟಗಿದ್ದರೆ ಬೆಚ್ಚಗಿರುವುದಕ್ಕೇನೂ ಅಡ್ಡಿಯಿಲ್ಲ. ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ಸಾಲು ತಾನೇ ನೇರವಾಗುತ್ತದೆ, ಮೊದಲ ಸಾಲು ಪಕ್ಕದಲ್ಲೇ ಇದ್ದರೆ ತಾವೆಷ್ಟು ಕಲಿತೆವೆಂದು ಅವರಿಗೇ ಕಾಣುತ್ತದೆ. ಗಂಡುಮಕ್ಕಳು ಬಂದರೆ ‘ನಿಮಗ್ಯಾಕೆ ಇದು’ ಎನ್ನುವ ಮಾತು ಯಾರ ಬಾಯಿಂದಲೂ ಬರಗೊಡಬೇಡ. ಹಾಸ್ಟೆಲಿನಲ್ಲಿ ಒಬ್ಬನೇ ಇರುವ ಹುಡುಗನಿಗೆ ಗುಂಡಿ ಹಚ್ಚಿಕೊಳ್ಳುವುದು ಎಲ್ಲರಿಗಿಂತ ಹೆಚ್ಚು ಬೇಕು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಕೌದಿಯನ್ನು ನೀನೊಬ್ಬಳೇ ಕಲಿಸಬೇಡ. ಊರೂರು ತಿರುಗಿ, ಜಗಲಿಯ ಮೇಲೆ ಕೂತು, ಕಾಳಿಗೋ ಕಾಸಿಗೋ ಕೌದಿ ಹೊಲಿದುಕೊಟ್ಟ ಹೆಂಗಸರಿಂದ ನಾವೆಲ್ಲ ಕಲಿತದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ, ಅಂದರೆ ಕವಂದಿಯ, ರೀತಿಯೇ ಬೇರೆ. ಅವರು ತುಂಡುಗಳನ್ನು ಮೊದಲೇ ಹಾಸಿಕೊಳ್ಳುವುದಿಲ್ಲ. ಹೊಲಿಯುತ್ತ ಹೊಲಿಯುತ್ತಲೇ ಮುಂದಿನ ತುಂಡು ಆರಿಸಿ ಅಂಚು ಮಡಚಿ ಸೇರಿಸುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫುಲಾ’ ಇಡುತ್ತಾರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎನ್ನುವ ಅವರ ಕಣ್ಣು ನನಗೂ ಇಲ್ಲ, ನಿನಗೂ ಇಲ್ಲ. ಅಂಥವರೊಬ್ಬರನ್ನು ಕರೆಸು. ಅವರು ಕಲಿಸುವ ದಿನ ನೀನೂ ಉಳಿದವರ ಸಾಲಿನಲ್ಲಿ ಕೆಳಗೆ ಕೂಡು. ಕಂಪ್ಯೂಟರ್ ಕಲಿಸುವವರಿಗೆ ಕೊಡುವಷ್ಟೇ ಫೀಜು ಕೊಡಿಸು, ಬಸ್ ಚಾರ್ಜು, ಊಟ, ಉಳಿಯುವ ಜಾಗ ಬೇರೆ. ಅವರು ತಂದ ಕವಂದಿಯನ್ನು ಯಾರಾದರೂ ಕೊಳ್ಳುವುದಾದರೆ ಹೇಳಿದ ಬೆಲೆಗೇ ಕೊಳ್ಳಲಿ. ‘ಹಳೇ ಬಟ್ಟೆ ತಾನೇ’ ಎಂದು ಯಾರಾದರೂ ಚೌಕಾಸಿಗೆ ಇಳಿದರೆ ಅಲ್ಲೇ ತಡೆ. ಹಣ ಕೂಡಿಸುವುದು ತಡವಾದರೆ ನನಗೆ ಫೋನು ಮಾಡು, ಮೊದಲ ಸಲದ್ದು ನಾನು ಕೊಡುತ್ತೇನೆ.