ಯಾವ ಲೈನ್ ಅಂತ ಕೇಳು ಮಗಳೇ

ಮಗಳೇ, ‘ಲೈನ್’ ಎಂಬ ಇಂಗ್ಲಿಷ್ ಪದಕ್ಕೆ ಸಮಾನಾರ್ಥಕ ಪದಗಳನ್ನೆಲ್ಲ ಬರೆದುಕೊಡಿ ಚಿಕ್ಕಪ್ಪ ಎಂದು ಕೇಳಿದ್ದೀಯ. ಮೇಲ್‌ನಲ್ಲಿ ಅದೇ ಪದ ಮತ್ತೆ ಮತ್ತೆ ಬಂದರೆ ನಿನ್ನ ಇಂಗ್ಲಿಷ್ ಬಡಕಲು ಅಂದುಕೊಂಡಾರು ಎಂಬ ಅಳುಕು ನಿನಗೆ. ಪಟ್ಟಿ ನಿನ್ನ ಫೋನಿನಲ್ಲೇ ಇದೆ, ಅದಕ್ಕೆ ನಾನು ಬೇಕಿಲ್ಲ. ಆ ಪಟ್ಟಿಯನ್ನು ಎಷ್ಟು ನಂಬಬೇಕು ಎನ್ನುವುದನ್ನಷ್ಟೇ ಹೇಳುತ್ತೇನೆ. ಫರೀದಾಬಾದಿನ ಕಾರ್ಖಾನೆಗಳಲ್ಲಿ ತಲೆ ನರೆತವನ ಮಾತು ಅಂತ ಕೇಳಿಸಿಕೋ.

ನೀನು ಓಡಾಡುವ ಮೆಟ್ರೋ ಇದೆಯಲ್ಲ, ವಯಲೆಟ್ ಲೈನ್, ಅದು 2015ರಲ್ಲಿ ಬದರ್‌ಪುರ ದಾಟಿ ಎಸ್ಕಾರ್ಟ್ಸ್ ಮುಜೇಸರ್‌ವರೆಗೆ ಬಂತು, 2018ರಲ್ಲಿ ಬಲ್ಲಭ್‌ಗಢ ಮುಟ್ಟಿತು. ಅದಕ್ಕೆ ಮೊದಲು ದೆಹಲಿಗೆ ಹೋಗುವುದು ಅಂದರೆ ಏನೆಂದು ನನ್ನನ್ನು ಕೇಳಬೇಡ. ಸೆಂಟ್ರಲ್ ಸೆಕ್ರೆಟೇರಿಯಟ್ ನಿಲ್ದಾಣದಲ್ಲಿ ಈ ವಯಲೆಟ್ ಲೈನಿಗೆ ಯೆಲ್ಲೊ ಲೈನ್ ಸೇರುತ್ತದೆ. ಅಲ್ಲೇ ಪ್ಲಾಟ್‌ಫಾರ್ಮಿನ ಅಂಚಿನಲ್ಲೂ ಒಂದು ಯೆಲ್ಲೊ ಲೈನ್ ಉಂಟು. ಒಂದನ್ನು ಹತ್ತಬೇಕು, ಇನ್ನೊಂದನ್ನು ದಾಟಬಾರದು. ದಿನಾ ಲಕ್ಷಾಂತರ ಜನ ಓಡಾಡುತ್ತಾರೆ, ಯಾರೂ ತಬ್ಬಿಬ್ಬಾಗುವುದಿಲ್ಲ. ಪದ ಎಲ್ಲಿ ನಿಂತಿದೆ, ಪಕ್ಕದಲ್ಲಿ ಯಾವ ಕ್ರಿಯಾಪದ ಇದೆ ಎಂಬುದರಿಂದಲೇ ಅರ್ಥ ಗೊತ್ತಾಗಿಬಿಡುತ್ತದೆ.

ಈ ಪದದ ಮೂಲ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಲ್ಯಾಟಿನ್ನಿನಲ್ಲಿ ‘ಲೀನಮ್’ ಅಂದರೆ ಅಗಸೆ ಗಿಡ, ಅದರ ನಾರಿನಿಂದ ಹೊಸೆದ ದಾರ ‘ಲೀನಿಯಾ’. ಲಿನನ್ ಬಟ್ಟೆ, ಕೋಟಿನ ಒಳಗಿನ ಲೈನಿಂಗ್, ಎಲ್ಲ ಅದೇ ಮನೆತನ. ದಾರ ಹಿಡಿದು ನೇರ ಗುರುತು ಹಾಕಿದರು, ಗೆರೆಯಾಯಿತು. ಗೆರೆಯ ಮೇಲೆ ಜನ ನಿಂತರು, ಸಾಲಾಯಿತು. ಜಮೀನಿನ ಮಧ್ಯೆ ಎಳೆದರು, ಗಡಿಯಾಯಿತು. ಆಮೇಲೆ ತಂತಿ, ಹಳಿ, ವಂಶ, ಕಸುಬು, ಪದ್ಯದ ಸಾಲು. ಹಿಂದೆ ಇಂಗ್ಲಿಷಿನವರು ಅಂಗುಲದ ಹನ್ನೆರಡನೇ ಒಂದು ಭಾಗಕ್ಕೂ ‘ಲೈನ್’ ಅನ್ನುತ್ತಿದ್ದರು. ಇಲ್ಲಿನ ಮಿಸ್ತ್ರಿಗಳು ಅಂಗುಲದ ಎಂಟನೇ ಒಂದು ಭಾಗಕ್ಕೆ ಇವತ್ತಿಗೂ ‘ಸೂತ್’ ಅನ್ನುತ್ತಾರೆ. ಸೂತ್ ಅಂದರೆ ನೂಲು. ಎಲ್ಲೆಲ್ಲಿಯ ಜನಕ್ಕೂ ಅಳೆಯಲು ಮೊದಲು ಕೈಗೆ ಸಿಕ್ಕಿದ್ದು ದಾರವೇ ಇರಬೇಕು.

ನಾವೇನು ಬೇರೆಯೇ? ನಿನ್ನ ಅಜ್ಜಿ ಬಾಗಿಲ ಮುಂದೆ ಹಾಕುತ್ತಿದ್ದ ರಂಗೋಲಿಯಲ್ಲಿ ಗೆರೆ ಇರಲಿಲ್ಲ, ‘ಎಳೆ’ ಇತ್ತು. ಇಂಗ್ಲಿಷಿನವರ ‘ಸ್ಟೋರಿಲೈನ್’ ನಮಗೆ ಕಥೆಯ ಎಳೆ. ಆದರೆ ಎಳೆ, ಗೆರೆ, ಗೀಟು, ರೇಖೆ, ಸಾಲು, ಪಂಕ್ತಿ ಇವನ್ನು ಅದಲುಬದಲು ಮಾಡಿ ನೋಡು. ‘ಲಕ್ಷ್ಮಣಗೀಟು’ ಅಂದರೆ ಸೀತೆಗೂ ನಗು ಬರುತ್ತದೆ. ಬಡತನದ ರೇಖೆಗಿಂತ ಕೆಳಗೆ ಅನ್ನುತ್ತೇವೆ, ಬಡತನದ ಸಾಲಿಗಿಂತ ಕೆಳಗೆ ಅನ್ನುವುದಿಲ್ಲ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುತ್ತೇವೆ, ಇರುವೆ ಮಾತ್ರ ಸಾಲಾಗಿಯೇ ಹೋಗಬೇಕು. ಇದನ್ನು ಯಾವ ಮೇಷ್ಟರೂ ನಿನಗೆ ಹೇಳಿಕೊಟ್ಟಿಲ್ಲ. ಕನ್ನಡದಲ್ಲಿ ಇಷ್ಟು ಸೂಕ್ಷ್ಮ ಬಲ್ಲವಳು ಇಂಗ್ಲಿಷಿನಲ್ಲಿ ಮಾತ್ರ ಫೋನು ತೋರಿಸಿದ ಪದವನ್ನು ಕಣ್ಣುಮುಚ್ಚಿ ಯಾಕೆ ಎತ್ತಿ ಹಾಕುತ್ತೀ?

ಅಲ್ಲೂ ಇದೇ ಕಥೆ. ಫೋನು ಕ್ಯೂ, ರೋ, ಫೈಲ್, ಸ್ಟ್ರೈಪ್ ಎಂದು ಒಂದೇ ಉಸಿರಿಗೆ ತೋರಿಸುತ್ತದೆ. ಸರದಿಗೆ ಕಾಯುವ ಸಾಲು ಮಾತ್ರ ಕ್ಯೂ. ಅಮೆರಿಕದವರು ಅದನ್ನೂ ಲೈನ್ ಅನ್ನುತ್ತಾರೆ, ಇಲ್ಲಿಯವರು ‘ಲೈನ್ ಮೇ ಲಗೋ’ ಅನ್ನುವ ಹಾಗೆ. ಅಕ್ಕಪಕ್ಕ ಕೂತರೆ ರೋ, ಒಬ್ಬರ ಹಿಂದೊಬ್ಬರು ನಡೆದರೆ ಫೈಲ್. ಬಟ್ಟೆಯ ಪಟ್ಟೆಗೆ ಸ್ಟ್ರೈಪ್. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ತನ್ನ ಥಿಸಾರಸ್ ಪ್ರಕಟಿಸಿದಾಗ ಪದಗಳನ್ನು ವಿಚಾರಗಳ ಪ್ರಕಾರ ಗುಂಪು ಮಾಡಿದ. ಮನಸ್ಸಿನಲ್ಲಿ ವಿಚಾರವಿದ್ದು ಪದ ನಾಲಿಗೆ ತುದಿಯಲ್ಲಿ ನಿಂತವರಿಗೆ ಅದು ದೊಡ್ಡ ಉಪಕಾರ. ಒಂದು ಗುಂಪಿನಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ; ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆಗೆ ಕೂರಲಾಗುತ್ತದೆಯೇ?

ಈಗ ನಿನ್ನ ಅನ್ನದ ವಿಷಯಕ್ಕೆ ಬರುತ್ತೇನೆ. ಗ್ರಾಹಕ ಕಂಪನಿಯಿಂದ ‘ಲೈನ್ 30 ಶಾರ್ಟ್, ಸಂಜೆಯೊಳಗೆ ಲೈನ್ ನಿಲ್ಲುತ್ತದೆ’ ಎಂಬ ಮೇಲ್ ಬಂತು ಅಂದುಕೋ. ಮೊದಲನೆಯದು ಪರ್ಚೇಸ್ ಆರ್ಡರಿನ ಸಾಲು. ಸ್ಯಾಪ್ ಸಾಫ್ಟ್‌ವೇರಿನಲ್ಲಿ ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಮೂವತ್ತು ಎಂದು ಎಣಿಸುವುದರಿಂದ 30 ಅಂದರೆ ಮೂರನೇ ಐಟಂ. ಎರಡನೆಯದು ಅವರ ಅಸೆಂಬ್ಲಿ ಲೈನ್. ಅದು ನಿಂತರೆ ನಷ್ಟವನ್ನು ನಮ್ಮ ತಲೆಗೆ ಕಟ್ಟಿ ಡೆಬಿಟ್ ನೋಟ್ ಕಳಿಸಬಹುದು. ‘ಲೈನ್ ರಿಜೆಕ್ಷನ್’ ಇನ್ನೂ ಬೇರೆ: ನಮ್ಮಲ್ಲಿ ತಪಾಸಣೆ ಪಾಸಾಗಿ ಹೋದ ಮಾಲು ಅವರ ಲೈನಿನ ಮೇಲೆ ಜೋಡಿಸುವಾಗ ತಿರಸ್ಕಾರವಾದದ್ದು. ‘ಆಫ್‌ಲೈನ್ ರಿವರ್ಕ್’ ಅಂದರೆ ಇಂಟರ್ನೆಟ್ ಇಲ್ಲದೆ ಮಾಡುವುದಲ್ಲ, ಲೈನಿನಿಂದ ಮಾಲು ಇಳಿಸಿ ಪಕ್ಕದಲ್ಲಿ ಸರಿಪಡಿಸುವುದು. ಚೆಂದಕ್ಕೆಂದು ಇವುಗಳಲ್ಲಿ ಒಂದನ್ನು ‘ರೋ’ ಮಾಡಿದೆಯೋ, ಆ ಮೇಲ್ ಹತ್ತು ಜನರ ಕೈ ದಾಟಿ ನಿನಗೇ ವಾಪಸ್ ಬರುತ್ತದೆ. ಕೆಲಸದ ಇಂಗ್ಲಿಷಿನಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು. ಒಂದೇ ಮೇಲ್‌ನಲ್ಲಿ ಅದು ಐದು ಸಲ ಬಂದರೂ ಬರಲಿ. ಪ್ರಬಂಧ ಬರೆಯುವಾಗ ಬೇಕಾದರೆ ಪದ ಬದಲಿಸಿ ಮೆರೆ.

ಕಸುಬು ಬದಲಾದರೆ ಅರ್ಥ ಪೂರಾ ತಲೆಕೆಳಗಾಗುವುದೂ ಉಂಟು. ರೈಲ್ವೆಯಲ್ಲಿ ‘ಲೈನ್ ಕ್ಲಿಯರ್’ ಸಿಕ್ಕಿತು ಅಂದರೆ ಮುಂದಿನ ಸ್ಟೇಷನ್ ಒಪ್ಪಿಗೆ ಕೊಟ್ಟಿದೆ, ಗಾಡಿ ಬಿಡಬಹುದು. ನಮ್ಮ ಮೂಡಿಗೆರೆಯ ಮೆಸ್ಕಾಂನವರು ಲೈನ್ ಕ್ಲಿಯರ್ ತೆಗೆದುಕೊಂಡರು ಅಂದರೆ ತಂತಿಯಲ್ಲಿ ಕರೆಂಟು ನಿಲ್ಲಿಸಿದ್ದಾರೆ, ಆಳು ಕಂಬ ಹತ್ತಬಹುದು. ಒಂದು ಕಡೆ ಗಾಡಿ ಬರಲಿ, ಇನ್ನೊಂದು ಕಡೆ ಕರೆಂಟು ಬರಕೂಡದು. ಇಲಾಖೆ ಲೈನ್‌ಮನ್‌ಗೆ ಪವರ್‌ಮ್ಯಾನ್ ಎಂದು ಹೆಸರಿಟ್ಟರೂ ಊರಿಗೆ ಅವನು ಲೈನ್‌ಮನ್ನೇ. ಕಾಫಿ ತೋಟದ ಕೂಲಿಯವರ ‘ಲೈನ್ ಮನೆ’ ನೀನು ಕಂಡೇ ಬೆಳೆದವಳು. ಹುಡುಗರು ‘ಲೈನ್ ಹೊಡೆಯುವುದು’ ಅಲ್ಲೂ ಇಲ್ಲೂ ಒಂದೇ, ಅದನ್ನು ನಾನು ವಿವರಿಸಬೇಕಿಲ್ಲ.

‘ಡೆಡ್‌ಲೈನ್’ ಎಂದು ನಿಮ್ಮ ಮ್ಯಾನೇಜರ್ ದಿನಾ ಬೆದರಿಸುತ್ತಾನಲ್ಲ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಸುಮಾರಿಗೆ, ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಅದು ನಿಜವಾದ ಗಡಿ. ಕೈದಿ ಅದನ್ನು ದಾಟಿದರೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಅದಕ್ಕೆ ಹೋಲಿಸಿದರೆ ನಿಮ್ಮ ಮ್ಯಾನೇಜರ್ ಸಾಧು.

ಅಂದಹಾಗೆ ‘ಲೈನ್’ ಒಂದೇ ಹೀಗಲ್ಲ. ಆಕ್ಸ್‌ಫರ್ಡ್ ನಿಘಂಟಿನವರು ‘ರನ್’ ಎಂಬ ಮೂರಕ್ಷರದ ಕ್ರಿಯಾಪದಕ್ಕೆ 645 ಅರ್ಥ ಲೆಕ್ಕ ಹಾಕಿದ್ದಾರೆ. ಚಿಕ್ಕ ಪದಗಳೇ ಹೆಚ್ಚು ದುಡಿಯುವುದು. ಹಾಗಾಗಿ ದೊಡ್ಡ ಪದಗಳ ಪಟ್ಟಿ ಬಾಯಿಪಾಠ ಮಾಡುವ ಮೊದಲು ಈ ಚಿಕ್ಕವನ್ನು ಪಳಗಿಸಿಕೋ. ಒಂದು ನೋಟ್‌ಬುಕ್ ಇಡು. ಅದರಲ್ಲಿ ಪದವನ್ನು ಒಂಟಿಯಾಗಿ ಬರೆಯಬೇಡ, ಸಿಕ್ಕಿದ ವಾಕ್ಯವನ್ನೇ ಇಡಿಯಾಗಿ ಇಳಿಸು, ಯಾರು ಯಾವ ಕೆಲಸದಲ್ಲಿ ಹೇಳಿದರು ಎಂಬುದನ್ನೂ ಸೇರಿಸು. ಕೆಳಗೆ ನಮ್ಮ ಮನೆಯಲ್ಲಿ ಅದನ್ನು ಹೇಗೆ ಹೇಳುತ್ತಾರೋ ಹಾಗೆ ಕನ್ನಡದಲ್ಲಿ ಬರೆ. ಕನ್ನಡದಲ್ಲಿ ಬರೆಯಲಾಗದಿದ್ದರೆ ಇಂಗ್ಲಿಷಿನದು ನಿನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಮುಂದಿನ ವಾರ ಆಡಿಟ್ ಇದೆ ಅಂದೆಯಲ್ಲ. ಆಡಿಟರ್ ‘ಲೈನ್ ತೋರಿಸಿ’ ಅಂದರೆ ತಲೆ ಆಡಿಸಿ ಶಾಪ್‌ಫ್ಲೋರಿಗೆ ಓಡಬೇಡ. ‘ಯಾವ ಲೈನ್, ಸರ್?’ ಎಂದು ಕೇಳು. ಹಾಗೆ ಕೇಳಿದವರನ್ನು ದಡ್ಡರು ಎಂದ ಆಡಿಟರನ್ನು ನಾನಂತೂ ಕಂಡಿಲ್ಲ.